ಗುಂಡಿ ಹೊಸದು, ನಾತ ಯಾಕೆ?

ಮದ್ದೂರು-ಮಂಡ್ಯ ಬಸ್ಸಿನಲ್ಲಿ ಓಡಾಡುವವರಿಗೆ ಹನಕೆರೆ ಗೊತ್ತಿರುವ ಊರೇ. ಇಂಥ ಊರುಗಳಲ್ಲಿ ಮನೆಗಾಗಲಿ, ಅಂಗಡಿ-ಹೋಟೆಲಿಗಾಗಲಿ ಸೆಪ್ಟಿಕ್ ಟ್ಯಾಂಕೇ ಗತಿ. ಸಾಲ ಸೋಲ ಮಾಡಿ ಗುಂಡಿ ಕೆಲಸ ಮುಗಿಸುತ್ತಾರೆ. ವಾರದೊಳಗೆ ಬಚ್ಚಲಿನಿಂದ ಗಬ್ಬುನಾತ! ಮೇಸ್ತ್ರಿಯನ್ನು ಕೇಳಿದರೆ, ‘ಹೊಸದಲ್ವಾ ಸಾಮಿ, ಒಸಿ ದಿನ ಇರ್ತದೆ, ಫಿನಾಯಿಲ್ ಹಾಕಿ’ ಅನ್ನುವ ಉತ್ತರ.

ಫಿನಾಯಿಲಿನಿಂದ ಹೋಗುವ ನಾತವಲ್ಲ ಇದು. ತಪ್ಪು ಇರುವುದು ಹೆಚ್ಚಾಗಿ ಪೈಪಿನಲ್ಲಿ. ನಾಲ್ಕು ಇಂಚಿನ ಪೈಪಿಗೆ ಹತ್ತು ಅಡಿಗೆ ಎರಡರಿಂದ ಮೂರು ಇಂಚು ಇಳಿಜಾರು ಬೇಕು. ಕಡಿಮೆಯಾದರೆ ಹೊಲಸು ಅಲ್ಲೇ ಕೂರುತ್ತದೆ. ತೀರಾ ಹೆಚ್ಚಾದರೆ ನೀರು ಮುಂದೆ ಓಡಿ ಹೊಲಸು ಹಿಂದೆ ಉಳಿಯುತ್ತದೆ. ಹಸಿ ಮಣ್ಣು ತುಂಬಿ ಸರಿಯಾಗಿ ದಮ್ಮಸ್ಸು ಮಾಡದಿದ್ದರೆ ಮೊದಲ ಮಳೆಗೇ ಪೈಪು ನಡುವೆ ಕುಸಿಯುತ್ತದೆ.

ಇನ್ನೆರಡು ಕಡೆಯೂ ಕಣ್ಣಿಡಿ. ಬಚ್ಚಲಿನ ಟ್ರ್ಯಾಪಿನಲ್ಲಿ ಸುಮಾರು ಎರಡು ಇಂಚು ನೀರು ನಿಂತಿರಬೇಕು. ಗಾಳಿಯನ್ನು ತಡೆಯುವ ಬಾಗಿಲೇ ಅದು. ಬಳಸದೆ ಬಿಟ್ಟ ಬಚ್ಚಲಿನಲ್ಲಿ ಆ ನೀರು ಆರುತ್ತದೆ. ಒಂದು ಚೊಂಬು ನೀರು ಹಾಕಿದರೆ ಸಾಕು. ಗಾಳಿ ಕೊಳವೆ ಸೂರಿಗಿಂತ ಮೇಲಿರಬೇಕು, ಕಿಟಕಿಯ ಪಕ್ಕಕ್ಕಲ್ಲ.

ಮೂಗು ಮುಚ್ಚಿಕೊಂಡು ಸುಮ್ಮನಾಗುವ ಮಾತೂ ಅಲ್ಲ. ಟ್ಯಾಂಕಿನ ಗಾಳಿಯಲ್ಲಿ ಪ್ರಾಣ ತೆಗೆಯುವ ಹೈಡ್ರೋಜನ್ ಸಲ್ಫೈಡೂ ಇದೆ, ಬೆಂಕಿ ಹತ್ತುವ ಮೀಥೇನೂ ಇದೆ. ನಾತದ ಮೂಲ ಹುಡುಕುತ್ತೇವೆಂದು ಕೂಲಿಯವನನ್ನು ಗುಂಡಿಗೆ ಇಳಿಸುವುದು ಕೊಲೆಗೆ ಸಮ. ರಕ್ಷಣೆಯಿಲ್ಲದೆ ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಲಕ್ಷ ಎಷ್ಟಾದರೇನು, ಹೋದ ಜೀವ ಬರುವುದಿಲ್ಲ.

ಆದ್ದರಿಂದ ಮನೆ ಯಜಮಾನರೇ, ಮಣ್ಣು ಮುಚ್ಚುವ ಮುಂಚೆ ರಸಮಟ್ಟ ಇಡಿಸಿ, ಎರಡು ಬಕೆಟ್ ನೀರು ಸುರಿದು ನೋಡಿ. ಅಲ್ಲಿವರೆಗೂ ಕೊನೇ ಕಂತು ಕೈಬಿಡಬೇಡಿ. ಗ್ರಾಮ ಪಂಚಾಯಿತಿಯವರೂ ಪೈಪಿನ ಅಳತೆಯನ್ನು, ಗುಂಡಿ ಖಾಲಿ ಮಾಡುವ ಯಂತ್ರದ ಫೋನ್ ನಂಬರನ್ನು ಬೋರ್ಡಿನ ಮೇಲೆ ಬರೆಸಲಿ. ಖರ್ಚು ಒಂದು ಡಬ್ಬ ಬಣ್ಣ. ಉಳಿಯುವುದು ಒಂದು ಜೀವವೂ ಆಗಬಹುದು.