ಚರ್ಚಿನ ಮಾಡಿಗೆ ದಾನಿಗಳಿಲ್ಲ

(1/3)

ಮೊದಲನೇ ಫೋಟೊ ನೋಡಿ. ಬಲಿಪೀಠದ ಎಡಗಡೆ ಗೋಡೆಯ ಮೇಲೆ ಹಳದಿ ನಕ್ಷೆಯ ಹಾಗೆ ಕಾಣ್ತದಲ್ಲ, ಅದು ಮಳೆನೀರಿನ ಕಲೆ. ಎರಡನೇ ಫೋಟೊದಲ್ಲಿರುವುದು ಅದೇ ಚರ್ಚಿನ ಹೊಸ ಗ್ರಾನೈಟ್ ಬಲಿಪೀಠ. ಫಳಫಳ ಹೊಳೀತದೆ. ಮೇಲೆ ಮಾಡು ಸೋರ್ತಾ ಇರುವಾಗ ಕೆಳಗೆ ಗ್ರಾನೈಟ್ ಹೇಗೆ ಬಂತು ಅಂತ ಕೇಳ್ತೀರಾ? ಹೇಳ್ತೇನೆ. ಊರಿನ ಹೆಸರು ಮಾತ್ರ ಕೇಳಬೇಡಿ, ಮಂಗಳೂರು ಕಡೆಯದ್ದು ಅಂತ ತಿಳ್ಕೊಳ್ಳಿ ಸಾಕು. ಹಂಚಿನ ಮಾಡು, ಮುರಕಲ್ಲಿನ ಗೋಡೆ, ನೂರು ದಾಟಿದ ವಯಸ್ಸು.

ಜೀರ್ಣೋದ್ಧಾರಕ್ಕೆ ಅಂತ ಸಮಿತಿ ಆದಾಗ ನಮ್ಮ ವಾಳೆಯ ರಶೀದಿ ಪುಸ್ತಕ ನನ್ನ ಕೈಗೆ ಬಂತು. ಕೆಲಸದ ಪಟ್ಟಿ ಉದ್ದ ಇತ್ತು. ಒರಲೆ ತಿಂದ ಪಕ್ಕಾಸು ಬದಲಿಸುವುದು, ರೀಪು, ಹಂಚು, ಮಳೆನೀರು ಇಳಿಯುವ ದಂಬೆ, ಹಳೇ ವೈರಿಂಗ್. ಅದರ ಕೆಳಗೆ ಹೊಸ ಬಲಿಪೀಠ, ಕಮಾನು ಗೇಟು, ಜಿಪ್ಸಮ್ ಸೀಲಿಂಗ್, ಎಸಿ. ಬಲಿಪೀಠಕ್ಕೆ ಗಲ್ಫಿನಿಂದ ಒಂದೇ ವಾರದಲ್ಲಿ ದಾನಿ ಸಿಕ್ಕಿದ್ರು. ಗೇಟಿಗೆ ಇಬ್ಬರು ಪೈಪೋಟಿ. ದಂಬೆಗೆ? ಯಾರೂ ಇಲ್ಲ. ಪಕ್ಕಾಸಿನ ಮೇಲೆ ಹೆಸರು ಕೆತ್ತಿಸಿದ್ರೆ ಓದುವವರು ಯಾರು, ಬಾವಲಿಯಾ?

ಹಾಗಾಗಿ ಮಾಡಿನ ಖರ್ಚು ಎಲ್ಲ ಮನೆಗಳ ತಲೆ ಮೇಲೆ ಬಿತ್ತು. ಮನೆಗೆ ಇಷ್ಟು ಅಂತ ನಿಗದಿ. ಬಂಗಲೆಗೂ ಅಷ್ಟೇ, ಬೀಡಿ ಕಟ್ಟುವ ಮನೆಗೂ ಅಷ್ಟೇ. ಯಾರು ಎಷ್ಟು ಕೊಟ್ರು, ಯಾರದ್ದು ಎಷ್ಟು ಬಾಕಿ, ಎಲ್ಲ ನೋಟಿಸ್ ಬೋರ್ಡಿನಲ್ಲಿ.

(2/3)

ನಮ್ಮ ವಾಳೆಯಲ್ಲಿ ಒಬ್ಬರು ಬಾಯಮ್ಮ ಇದ್ದಾರೆ. ಗಂಡ ಇಲ್ಲ, ಬೀಡಿ ಕಟ್ತಾರೆ. ನಾನು ಹೋದಾಗ ಡಬ್ಬಿಯಿಂದ ಮಡಿಚಿದ ಐನೂರರ ನೋಟು ತೆಗೆದುಕೊಟ್ರು. "ಉಳಿದದ್ದು ಮುಂದಿನ ತಿಂಗಳು ನೋಡುವಾ ಮಗಾ" ಅಂದ್ರು. ನಾನು ರಶೀದಿ ಬರೆದೆ. ಬೋರ್ಡಿನಲ್ಲಿ ಅವರ ಹೆಸರಿನ ಎದುರು ಬಾಕಿ ಮೊತ್ತ ಬಂತು, ಕೆಂಪು ಶಾಯಿಯಲ್ಲಿ. ಅದರ ನಂತರ ಎರಡು ಭಾನುವಾರ ಪೂಜೆಗೆ ಅವರು ಕಾಣಲಿಲ್ಲ. ಆಮೇಲೆ ಗೊತ್ತಾಯ್ತು, ಬಸ್ಸು ಹತ್ತಿ ಪಕ್ಕದೂರಿನ ಚರ್ಚಿಗೆ ಹೋಗ್ತಾ ಇದ್ರು. ಆ ರಶೀದಿ ಬರೆದ ಕೈ ನನ್ನದೇ. ಅದಕ್ಕೇ ಇಷ್ಟು ಉದ್ದ ಬರೀತಾ ಇದ್ದೇನೆ.

ಹಣ ಎತ್ತಬಾರದು ಅಂತ ನಾನು ಹೇಳ್ತಿಲ್ಲ. ಎತ್ತದಿದ್ರೆ ಏನಾಗ್ತದೆ ಅಂತ ಹಾಸನದ ಹತ್ತಿರ ಶೆಟ್ಟಿಹಳ್ಳಿಗೆ ಹೋದವರಿಗೆ ಗೊತ್ತು. ಅದು ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿದ ಚರ್ಚು, ಹೇಮಾವತಿ ಜಲಾಶಯದ ನೀರು ಬಂದ ಮೇಲೆ ಜನ ಬಿಟ್ಟು ಹೋದ್ರು. ಮಾಡಿಲ್ಲದ ಆ ಗೋಡೆಗಳ ಎದುರು ನಿಂತ ಫೋಟೊ ಈ ಆ್ಯಪ್‌ನಲ್ಲಿ ಎಷ್ಟಿಲ್ಲ ಹೇಳಿ! ನಾನೂ ಹಾಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಪಾಳುಬಿದ್ದ ಚರ್ಚಿಗೆ ಲೈಕ್ ಜಾಸ್ತಿ.

ಪ್ಯಾರಿಸ್‌ನ ನೋತ್ರ್ ದಾಮ್‌ನಲ್ಲೂ ಹೀಗೇ ಆಯ್ತು. ಕಲ್ಲು ಉದುರ್ತಾ ಇದೆ, ದುರಸ್ತಿಗೆ ಕೊಡಿ ಅಂತ 2017ರಲ್ಲೇ ಕೇಳಲು ಶುರು ಮಾಡಿದ್ರು. ಬೇಕಾದಷ್ಟು ಬರಲಿಲ್ಲ. 2019ರ ಏಪ್ರಿಲ್ 15ರಂದು ಮಾಡು ಹೊತ್ತಿ ಉರಿಯುವುದನ್ನು ಜಗತ್ತೇ ಟಿವಿಯಲ್ಲಿ ನೋಡಿತು. ಆಮೇಲೆ ಸುಮಾರು 150 ದೇಶಗಳ 3,40,000 ಜನ ಸೇರಿ 84 ಕೋಟಿ ಯೂರೊಗಿಂತ ಹೆಚ್ಚು ಕೊಟ್ರು. 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. ನಮ್ಮೂರಿನ ಚರ್ಚು ಹೊತ್ತಿಕೊಂಡ್ರೆ ಜಗತ್ತಿನ ಟಿವಿ ಬರುವುದಿಲ್ಲ ಮಾರಾಯ್ರೇ. ಅಷ್ಟರ ಮೇಲೆ ನಮ್ಮದು ಹಳೇ ವೈರಿಂಗ್ ಬೇರೆ.

(3/3)

ಆಧುನಿಕ ಮಾಡುವುದಕ್ಕೂ ನನ್ನ ವಿರೋಧ ಇಲ್ಲ. ಗಾಲಿಕುರ್ಚಿಯಲ್ಲಿ ಬರುವವರಿಗೆ ಇಳಿಜಾರು ದಾರಿ ಬೇಕು, ಈಗ ಅವರನ್ನು ನಾಲ್ಕು ಜನ ಎತ್ತಿ ಮೆಟ್ಟಿಲು ಹತ್ತಿಸ್ತಾರೆ. ಹೆಂಗಸರಿಗೆ ಸರಿಯಾದ ಶೌಚಾಲಯ ಬೇಕು. ಹಿಂದಿನ ಬೆಂಚಿಗೂ ಪ್ರಸಂಗ ಕೇಳುವ ಸ್ಪೀಕರ್ ಬೇಕು. ಆದರೆ ಸೋರುವ ಮಾಡಿನ ಅಡಿಗೆ ಜಿಪ್ಸಮ್ ಸೀಲಿಂಗ್ ಯಾಕೆ? ನೀರು ಬೀಳುವುದು ನಿಲ್ಲುವುದಿಲ್ಲ, ನಮ್ಮ ಕಣ್ಣಿಗೆ ಬೀಳುವುದು ನಿಲ್ತದೆ ಅಷ್ಟೇ. ಪಕ್ಕಾಸು ಮೇಲೆ ಕೊಳೀತಾ ಇರ್ತದೆ.

ಗೋಡೆಯದ್ದೂ ಇದೇ ಕಥೆ. ಮುರಕಲ್ಲು ನೀರು ಕುಡಿಯುವ ಕಲ್ಲು. ಹಿಂದಿನವರು ಅದಕ್ಕೆ ಸುಣ್ಣದ ಗಾರೆ ಬಳಿದದ್ದು ಸುಮ್ಮನೆ ಅಲ್ಲ. ಮಳೆಗಾಲದಲ್ಲಿ ಕುಡಿದ ತೇವ ಬಿಸಿಲಿಗೆ ಆ ಗಾರೆಯ ಮೂಲಕ ಹೊರಗೆ ಹೋಗ್ತದೆ. ಅದನ್ನು ಕೆರೆದು ಸಿಮೆಂಟ್ ಬಳಿದು ಮೇಲೆ ಪ್ಲಾಸ್ಟಿಕ್ ಪೈಂಟ್ ಹೊಡೆದ್ರೆ ತೇವ ಒಳಗೇ ಉಳಿದು ಪೈಂಟ್ ಗುಳ್ಳೆ ಏಳ್ತದೆ. ಆಗ ಇನ್ನೊಂದು ಸಲ ವಂತಿಗೆ. ಗುತ್ತಿಗೆದಾರರಿಗೆ ಸುಣ್ಣದ ಕೆಲಸ ಅಂದ್ರೆ ರಗಳೆ, ಕಾಯಬೇಕಲ್ಲ. ಕೆಲಸ ಗೊತ್ತಿರುವ ಮೇಸ್ತ್ರಿಯನ್ನು ಹುಡುಕಿ, ಅಂಥವರು ಇನ್ನೂ ಇದ್ದಾರೆ.

"ಹೆಸರು ಹಾಕದಿದ್ರೆ ದೊಡ್ಡ ಹಣ ಬರುವುದಿಲ್ಲ" ಅಂತ ಸಮಿತಿಯ ಹಿರಿಯರೊಬ್ಬರು ನನಗೆ ಹೇಳಿದ್ರು. ಮಾತು ಸುಳ್ಳಲ್ಲ, ನಾನೂ ಒಪ್ತೇನೆ. ಹಾಗಾದ್ರೆ ಹೆಸರು ಹಾಕಿ. ಆದ್ರೆ ಬಲಿಪೀಠಕ್ಕೆ ಎಷ್ಟು ಕೊಡ್ತಾರೋ ಅಷ್ಟೇ ಮಾಡಿಗೂ ಕೊಡಬೇಕು ಅಂತ ಷರತ್ತು ಇಡಿ. ಬಾಕಿ ಪಟ್ಟಿಯನ್ನು ಬೋರ್ಡಿನಿಂದ ತೆಗೀರಿ. ಅದರ ಬದಲು ಬಂದದ್ದೆಷ್ಟು, ಖರ್ಚಾದದ್ದು ಯಾವುದಕ್ಕೆ, ಅದನ್ನು ತಿಂಗಳು ತಿಂಗಳು ಹಾಕಿ. ಮನೆ ಮನೆಗೆ ನಿಗದಿ ಬೇಡ, ಆದಷ್ಟು ಕೊಡಲಿ.

ಹಣವೇ ಯಾಕೆ ಆಗಬೇಕು ಅಂತಲೂ ಕೇಳ್ತೇನೆ. ಹೊರೆಕಾಣಿಕೆಯ ಊರು ನಮ್ಮದು. ಅಕ್ಕಿ, ತೆಂಗಿನಕಾಯಿ, ತರಕಾರಿ ಹೊತ್ತುಕೊಂಡು ಹೋಗಿ ಕೊಟ್ಟು ಬರುವುದಕ್ಕೆ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತೋಟದಲ್ಲಿ ಹಲಸಿನ ಮರ ಇರುವವರು ಪಕ್ಕಾಸಿಗೆ ಮರ ಕೊಡಲಿ. ಬಡಗಿ ಎರಡು ದಿನ ಬರಲಿ. ಹಂಚಂತೂ ನಮ್ಮದೇ ಸೊತ್ತು, 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹಂಚು ಅನ್ನುವುದೇ ಒಂದು ಹೆಸರಾಯ್ತು. ಈಗ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ. ಆದರೆ ತಾರಸಿ ಮಾಡ್ಲಿಕ್ಕೆ ಅಂತ ಹಂಚು ಇಳಿಸಿದ ಮನೆಗಳ ಹಿತ್ತಿಲಲ್ಲಿ ಅದು ರಾಶಿ ರಾಶಿ ಬಿದ್ದುಂಟು. ಚರ್ಚಿಗೆ ಬಾರದವರ ಹಿತ್ತಿಲಲ್ಲೂ ಉಂಟು, ಅವರಲ್ಲೂ ಕೇಳಬಹುದು. ನಮ್ಮ ಫೆಸ್ತಿನ ಊಟಕ್ಕೆ ಕರೀತೇವಲ್ಲ.

ಕಳೆದ ವಾರ ಬಾಯಮ್ಮನ ಮನೆಗೆ ಹೋಗಿದ್ದೆ. ಬೋರ್ಡಿನ ವಿಷಯಕ್ಕೆ ತಪ್ಪಾಯ್ತು ಅಂದೆ. ಅವರು ಅದಕ್ಕೆ ಏನೂ ಹೇಳಲಿಲ್ಲ, ಚಾ ಮಾಡಿ ಕೊಟ್ರು. ಹೊರಡುವಾಗ ಕೊಟ್ಟಿಗೆಯ ಹಿಂದೆ ಕರ್ಕೊಂಡು ಹೋಗಿ ತೋರಿಸಿದ್ರು, ಮೂರನೇ ಫೋಟೊ ಅದೇ. ದನ ಮಾರಿದ ಮೇಲೆ ಇಳಿಸಿಟ್ಟ ಹಂಚು, ಇನ್ನೂರಕ್ಕೆ ಕಡಿಮೆ ಇಲ್ಲ, ಪಾಚಿ ಕಟ್ಟಿದೆ ಆದ್ರೆ ಒಂದೂ ಒಡೆದಿಲ್ಲ. "ಇದು ಆಗ್ತದಾ ನೋಡು" ಅಂದ್ರು.

ಶನಿವಾರ ಪಿಕಪ್ ತಕೊಂಡು ಹೋಗ್ತೇನೆ. ನಿಮ್ಮ ಹಿತ್ತಿಲಲ್ಲಿ ಹಳೇ ಹಂಚು ಇದ್ರೆ ಅಡಿಭಾಗದಲ್ಲಿ ಕಾರ್ಖಾನೆಯ ಮುದ್ರೆ ಇರ್ತದೆ, ಅದರ ಫೋಟೊ ತೆಗೆದು ನನಗೆ ಮೆಸೇಜ್ ಮಾಡಿ. ಅಳತೆ ಹೊಂದಬೇಕು, ಇಲ್ಲದಿದ್ರೆ ಕೊಂಡಿ ಕೂರುವುದಿಲ್ಲ. ಮಳೆಗೆ ಮೊದಲು ಆಗಬೇಕಾದ ಕೆಲಸ ಇದು.

#ಹಳೇಚರ್ಚು #ಮಂಗಳೂರುಹಂಚು #ಕರಾವಳಿ