ಕನಸಿಗೆ ಬಂದ ಹಿರಿಯರು: ಶರಣರ ದೃಷ್ಟಿಯಲ್ಲಿ ಸಾವು, ಸ್ವಪ್ನ ಮತ್ತು ಪ್ರಾಣಿಜೀವ

ಲಿಂಗೈಕ್ಯರಾದ ತಂದೆ ಕನಸಿನಲ್ಲಿ ಬಂದು ಹಸಿವೆಯೆಂದರು, ತೀರಿಹೋದ ತಾಯಿ ಹೊಸ್ತಿಲ ಹೊರಗೆ ನಿಂತು ಒಳಗೆ ಬಾರದೆ ಹಿಂದಿರುಗಿದರು, ಇದಕ್ಕೇನು ಮಾಡಬೇಕು ಎಂಬ ಪ್ರಶ್ನೆಯನ್ನು ಹೊತ್ತು ಮಠಕ್ಕೆ ಬರುವ ಭಕ್ತರು ಬಳಗಾನೂರಿನ ಸುತ್ತಮುತ್ತ, ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಗಳಲ್ಲಿ ಇಂದಿಗೂ ಇದ್ದಾರೆ. ಕೇಳುವವರ ದುಃಖ ನಿಜವಾದುದು. ಅದನ್ನು ಮೂಢನಂಬಿಕೆಯೆಂದು ನಕ್ಕು ತಳ್ಳಿಹಾಕುವುದು ಶರಣರ ರೀತಿಯಲ್ಲ. ಆದರೆ ಅವರಲ್ಲಿ ಹಲವರು ಮಠಕ್ಕೆ ಬರುವ ಮುನ್ನವೇ ಮತ್ತಾರನ್ನೋ ಕೇಳಿರುತ್ತಾರೆ. ಅಲ್ಲಿ ಆ ಕನಸಿಗೆ ಪಿತೃದೋಷವೆಂಬ ಹೆಸರು ದೊರೆತಿರುತ್ತದೆ, ಜೊತೆಗೆ ಶಾಂತಿಯ ಖರ್ಚಿನ ಪಟ್ಟಿಯೂ ದೊರೆತಿರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ, ಬೀಜ ಗೊಬ್ಬರಕ್ಕೆ ಸಾಲ ಮಾಡಿ ಭತ್ತ ಹಚ್ಚಿದ ಕುಟುಂಬಕ್ಕೆ ಆ ಪಟ್ಟಿ ಇನ್ನೊಂದು ಸಾಲವಾಗುತ್ತದೆ. ಸತ್ತವರ ಹೆಸರಿನಲ್ಲಿ ಬದುಕಿದವರನ್ನು ಸಾಲಗಾರರನ್ನಾಗಿ ಮಾಡುವ ಈ ವ್ಯವಹಾರವನ್ನು ಶರಣಧರ್ಮವು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ಭಕ್ತರು ತಿಳಿದಿರುವುದು ಅವಶ್ಯಕ.

ಲಿಂಗಾಯತರಲ್ಲಿ ದೇಹವನ್ನು ಕುಳಿತ ಭಂಗಿಯಲ್ಲಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಧರಿಸಿ ಕ್ರಿಯಾಸಮಾಧಿ ಮಾಡುವ ಪದ್ಧತಿಯಿದೆ. ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ಮರಣಸೂತಕವೂ ಒಂದು. ಶ್ರಾದ್ಧ, ಪಿಂಡಪ್ರದಾನಗಳಿಗೆ ಶರಣಧರ್ಮದಲ್ಲಿ ಸ್ಥಾನವಿಲ್ಲ. ಇದರ ಹಿಂದಿರುವ ವಿಚಾರ ಸರಳವಾದುದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳಲ್ಲಿ ಕೊನೆಯದು ಐಕ್ಯ. ನೀರು ನೀರಿನೊಡನೆ ಬೆರೆತಂತೆ ಅಂಗವು ಲಿಂಗದಲ್ಲಿ ಬೆರೆತ ಮೇಲೆ ಹಸಿಯುವುದಕ್ಕೆ, ಚಳಿಯಲ್ಲಿ ನಡುಗುವುದಕ್ಕೆ ಬೇರೊಬ್ಬರು ಉಳಿಯುವುದಿಲ್ಲ. ಹಿರಿಯರು ಹಸಿದು ಅಲೆಯುತ್ತಿದ್ದಾರೆಂಬುದು ನಿಜವಾದರೆ ಅವರ ಲಿಂಗೈಕ್ಯವು ಬರಿಯ ಮಾತಾಗಬೇಕು. ಲಿಂಗೈಕ್ಯವು ನಿಜವಾದರೆ ಕನಸಿಗೆ ಹೇಳಿದ ಅರ್ಥವು ತಪ್ಪಾಗಬೇಕು. ಎರಡನ್ನೂ ಒಟ್ಟಿಗೆ ನಂಬಲು ಬರುವುದಿಲ್ಲ. ಇಂದು ‘ಲಿಂಗೈಕ್ಯ’ವೆಂಬ ಪದವು ಪತ್ರಿಕೆಯ ಶ್ರದ್ಧಾಂಜಲಿ ಪ್ರಕಟಣೆಗಳಲ್ಲಿ ‘ನಿಧನ’ಕ್ಕೆ ಗೌರವದ ಮತ್ತೊಂದು ಪದವಾಗಿಬಿಟ್ಟಿದೆ. ಬದುಕಿರುವಾಗಲೇ ಸಾಧಿಸಬೇಕಾದ ಸ್ಥಲವದು ಎಂಬ ಅರ್ಥ ಮಸುಕಾದುದೇ ಈ ಗೊಂದಲಕ್ಕೆ ಒಂದು ಕಾರಣವೆನ್ನಬಹುದು.

ಈ ವಿಷಯದಲ್ಲಿ ಮಾತನಾಡುವ ಅಧಿಕಾರವುಳ್ಳ ಶರಣೆಯೊಬ್ಬರು ಇದೇ ನೆಲದವರು. ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ದಂಪತಿಗಳು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆಂದು ವಿದ್ವಾಂಸರು ಗುರುತಿಸಿದ್ದಾರೆ. ಲಕ್ಕಮ್ಮನ ಅಂಕಿತದಲ್ಲಿಯೂ ಅಮರೇಶ್ವರಲಿಂಗವಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದು ಭಕ್ತಿಯಲ್ಲ, ಆಸೆ ಎಂದು ತಿಳಿಹೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದವರು ಲಕ್ಕಮ್ಮ. ಕೈಲಾಸದ ವಿಷಯದಲ್ಲಿಯೂ ಆಕೆಯ ನಿಲುವು ಇದೇ ಬಗೆಯದು. ದಾನಧರ್ಮ ಮಾಡಿ ಅದರ ಪ್ರತಿಫಲವಾಗಿ ಕೈಲಾಸಕ್ಕೆ ಹೋಗುವೆವೆಂದು ಎಣಿಸುವವರನ್ನು ಆಕೆ ದಿನಗೂಲಿ ಎಣಿಸುವವರಿಗೆ ಹೋಲಿಸಿ ಪ್ರಶ್ನಿಸುತ್ತಾರೆ. ಮುಂದಿನದನ್ನು ಕಲ್ಪಿಸಿಕೊಳ್ಳದೆ, ಹಿಂದಿನದನ್ನು ನೆನೆದು ಕೊರಗದೆ ನಿಂತ ನಿಲುವಿನಲ್ಲಿಯೇ ಕೈಲಾಸವನ್ನು ತೋರಿಸುತ್ತಾರೆ. ಅಕ್ಕಿ ಆಯ್ದು ಬದುಕಿದ ಮನೆಯ ಹೆಣ್ಣುಮಗಳ ಈ ಮಾತಿನ ಮುಂದೆ ಶಾಂತಿಯ ಪಟ್ಟಿಗಳು ಬಹಳ ಸಣ್ಣವಾಗಿ ಕಾಣುತ್ತವೆ. (1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯಲ್ಲಿ ಕಂಡ ಅಶೋಕನ ಶಾಸನವೂ, ಶ್ರೇಯಸ್ಸು ದೊಡ್ಡವರಿಗಷ್ಟೇ ಮೀಸಲಲ್ಲ, ಧರ್ಮದಲ್ಲಿ ತೊಡಗಿದ ಸಾಮಾನ್ಯನಿಗೂ ಲಭ್ಯ ಎಂಬ ಅರ್ಥವನ್ನೇ ಹೇಳುತ್ತದೆ. ಈ ಸೀಮೆಯ ಕಲ್ಲಿಗೂ ಈ ಮಾತು ಹೊಸದಲ್ಲ.)

ಹಾಗಾದರೆ ವಚನಗಳಲ್ಲಿ ಪುನರ್ಜನ್ಮದ ಮಾತೇ ಇಲ್ಲವೇ? ಇದೆ. ಅನೇಕ ಯೋನಿಗಳಲ್ಲಿ ಹುಟ್ಟಿ ಬಂದ ಬಳಲಿಕೆಯನ್ನು ಬಸವಣ್ಣನವರೂ ಅಕ್ಕನೂ ಹೇಳಿಕೊಂಡಿದ್ದಾರೆ. ‘ಭವಿ’ ಎಂಬ ಪದವೇ ಭವಚಕ್ರದಲ್ಲಿರುವವನು ಎಂಬ ಅರ್ಥದ್ದು. ವಚನಗಳಲ್ಲಿ ಇದೊಂದೂ ಇಲ್ಲವೆಂದು ವಾದಿಸುವವರು ವಚನಸಂಪುಟಗಳನ್ನು ಪೂರ್ತಿ ಓದಿಲ್ಲ. ಆದರೆ ಶರಣರು ಭವವನ್ನು ಕಡಿದುಕೊಳ್ಳುವ ಚಿಂತೆ ಮಾಡಿದರೇ ಹೊರತು, ಯಾರು ಎಲ್ಲಿ ಯಾವ ರೂಪದಲ್ಲಿ ಮರಳಿ ಹುಟ್ಟಿದರೆಂದು ಹುಡುಕುತ್ತ ಹೋಗಲಿಲ್ಲ.

ಸತ್ತವರೊಡನೆ ಮಾತನಾಡುವ ಹಂಬಲವು ನಮ್ಮ ನಾಡಿನ ಹಳ್ಳಿಗಳಿಗಷ್ಟೇ ಸೇರಿದ್ದಲ್ಲ. 1848ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬಲ್ಲಿ ಫಾಕ್ಸ್ ಸೋದರಿಯರು ಗೋಡೆ, ಮೇಜುಗಳ ಮೇಲೆ ಕೇಳಿಬರುವ ಬಡಿತದ ಸದ್ದಿನಲ್ಲಿ ಪ್ರೇತಗಳು ಉತ್ತರ ಕೊಡುತ್ತವೆಯೆಂದರು. ಅದರಿಂದ ಪ್ರೇತಾತ್ಮವಾದವೆಂಬ ದೊಡ್ಡ ಪಂಥವೇ ಬೆಳೆಯಿತು. ನಲವತ್ತು ವರ್ಷಗಳ ಬಳಿಕ, 1888ರಲ್ಲಿ, ಆ ಸೋದರಿಯರಲ್ಲಿ ಒಬ್ಬಳಾದ ಮಾರ್ಗರೆಟ್ ಅದು ಕಾಲ್ಬೆರಳಿನ ಕೀಲುಗಳಿಂದ ಹೊರಡಿಸಿದ ಸದ್ದೆಂದು ಸಾರ್ವಜನಿಕವಾಗಿ ಒಪ್ಪಿಕೊಂಡಳು. ಮರುವರ್ಷ ಆ ಒಪ್ಪಿಗೆಯನ್ನೂ ಹಿಂತೆಗೆದುಕೊಂಡಳು. ಅಷ್ಟರಲ್ಲಿ ಪಂಥಕ್ಕೆ ಅವಳ ಅಗತ್ಯವೇ ಉಳಿದಿರಲಿಲ್ಲ. ಇಂಗ್ಲೆಂಡಿನ ಹೆಸರಾಂತ ಭೌತವಿಜ್ಞಾನಿ ಆಲಿವರ್ ಲಾಡ್ಜ್ ಅವರ ಮಗ ರೇಮಂಡ್ 1915ರಲ್ಲಿ ಯುದ್ಧದಲ್ಲಿ ಮಡಿದನು. ಮರುವರ್ಷ ಲಾಡ್ಜ್, ಮಾಧ್ಯಮದವರ ಮೂಲಕ ಮಗನೊಡನೆ ಮಾತನಾಡಿದೆನೆಂದು ಅವನ ಹೆಸರಿನಲ್ಲಿಯೇ ಗ್ರಂಥ ಪ್ರಕಟಿಸಿದರು. ರೇಡಿಯೊ ಅಲೆಗಳ ಮೇಲೆ ಕೆಲಸ ಮಾಡಿದ ಮೇಧಾವಿಯನ್ನೂ ಪುತ್ರಶೋಕವು ಆ ಬಾಗಿಲಿಗೆ ಕರೆತಂದಿತೆಂದ ಮೇಲೆ ಹೊಲದಲ್ಲಿ ದುಡಿಯುವ ತಾಯಿಯನ್ನು ಅಜ್ಞಾನಿಯೆನ್ನುವುದಕ್ಕೆ ಯಾರಿಗೂ ಹಕ್ಕಿಲ್ಲ. ದೋಷವಿರುವುದು ಶೋಕದಲ್ಲಲ್ಲ, ಶೋಕಕ್ಕೆ ಬೆಲೆ ಕಟ್ಟುವವರಲ್ಲಿ.

ಕರ್ನಾಟಕದಲ್ಲಿಯೇ ಈ ವಿಷಯದ ಶಾಸ್ತ್ರೀಯ ಅಧ್ಯಯನ ನಡೆದಿದೆಯೆಂಬುದು ಬಹಳ ಭಕ್ತರಿಗೆ ತಿಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನಶ್ಶಾಸ್ತ್ರಜ್ಞೆ ಡಾ. ಸತ್ವಂತ್ ಪಸ್ರೀಚಾ ಅವರು ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್ಸನ್ ಅವರೊಡನೆ ಪೂರ್ವಜನ್ಮ ಸ್ಮರಣೆಯೆಂದು ಹೇಳಲಾಗುವ ಪ್ರಕರಣಗಳನ್ನೂ, ಸಾವಿನ ಅಂಚಿನಿಂದ ಮರಳಿದವರ ಅನುಭವಗಳನ್ನೂ ವರ್ಷಗಟ್ಟಲೆ ಸಂಗ್ರಹಿಸಿದರು. 1986ರಲ್ಲಿ ಅವರಿಬ್ಬರು ಪ್ರಕಟಿಸಿದ ಲೇಖನದಲ್ಲಿ ಒಂದು ಸ್ವಾರಸ್ಯವಿದೆ. ಭಾರತದಲ್ಲಿ ಮರಳಿ ಬಂದವರು ಹೇಳಿದ್ದರಲ್ಲಿ ಮತ್ತೆ ಮತ್ತೆ ಬರುವುದು ಯಮದೂತರು ಹೆಸರು ತಪ್ಪಿ ಕರೆದೊಯ್ದರು, ಲೆಕ್ಕ ನೋಡಿ ಹಿಂದಕ್ಕೆ ಕಳುಹಿಸಿದರು ಎಂಬ ಸಂಗತಿ. ಅಮೆರಿಕದವರ ಅನುಭವಗಳಲ್ಲಿ ಈ ತಪ್ಪು ಲೆಕ್ಕದ ಪ್ರಸಂಗ ಕಾಣುವುದಿಲ್ಲ. ಇಂತಹ ಅಧ್ಯಯನಗಳ ಕುರಿತು ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ನಡೆದು ಹೋದ ಮೇಲೆ ನೆನಪಿನಿಂದ ಹೇಳಿದ ಮಾತೇ ಅಲ್ಲಿ ಸಾಕ್ಷ್ಯವಾಗಿರುವುದರಿಂದ ಒಮ್ಮತ ಮೂಡುವುದೂ ಕಷ್ಟ. ಆದರೂ ಆ ಅನುಭವಗಳು ಕಂಡವರ ನಾಡಿನ, ಸಂಸ್ಕಾರದ ಬಣ್ಣವನ್ನು ಹೊತ್ತಿರುವುದು ಸ್ಪಷ್ಟ. ಕಚೇರಿಯಲ್ಲಿ ಹೆಸರು ತಪ್ಪಿ ಅಲೆದಾಡುವ ಜನರಿಗೆ ಯಮಲೋಕದಲ್ಲಿಯೂ ಗುಮಾಸ್ತನ ತಪ್ಪೇ ಎದುರಾಗುವುದು ಆಶ್ಚರ್ಯವಲ್ಲ.

ಕನಸಿನ ವಿಷಯಕ್ಕೆ ಬಂದರೆ, ಶರಣಸಾಹಿತ್ಯದಲ್ಲಿ ಕನಸಿಗೆ ಎತ್ತರದ ಸ್ಥಾನವಿದೆ. ಅಕ್ಕಮಹಾದೇವಿಯು ತಾನು ಕಂಡ ಕನಸನ್ನು ಗೆಳತಿಗೆ ಹೇಳುವ ವಚನ ಪ್ರಸಿದ್ಧವಾದುದು. ಅಲ್ಲಿ ಚೆನ್ನಮಲ್ಲಿಕಾರ್ಜುನನು ಭಿಕ್ಷುಕನ ವೇಷದಲ್ಲಿ ಮನೆಗೆ ಬರುತ್ತಾನೆ, ಆಕೆ ಬೆನ್ನಟ್ಟಿ ಕೈಹಿಡಿಯುತ್ತಾಳೆ, ಎಚ್ಚರವಾಗುತ್ತದೆ. ಗಮನಿಸಬೇಕಾದುದೇನೆಂದರೆ ಅಕ್ಕ ಆ ಕನಸಿನ ಫಲವೇನೆಂದು ಯಾವ ಜೋತಿಷಿಯನ್ನೂ ಕೇಳಲಿಲ್ಲ. ಹಗಲೆಲ್ಲ ತುಂಬಿಕೊಂಡಿದ್ದುದೇ ಇರುಳಿನಲ್ಲಿ ರೂಪ ತಾಳಿತು. 1953ರಲ್ಲಿ ಚಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು, ನಿದ್ರೆಯ ಕೆಲವು ಹೊತ್ತಿನಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವುದನ್ನೂ, ಆಗ ಎಬ್ಬಿಸಿದವರು ಬಹುಮಟ್ಟಿಗೆ ಕನಸು ಕಾಣುತ್ತಿದ್ದೆವೆಂದು ಹೇಳುವುದನ್ನೂ ದಾಖಲಿಸಿದರು. ಆ ಹೊತ್ತಿನಲ್ಲಿ ಮಿದುಳು ಎಚ್ಚರದಲ್ಲಿರುವಷ್ಟೇ ಚುರುಕಾಗಿರುತ್ತದೆ. ತಂದೆಗೆ ಕೊನೆಯ ದಿನಗಳಲ್ಲಿ ಊಟ ಸೇರುತ್ತಿರಲಿಲ್ಲವೆಂಬ ಸಂಕಟ ಮಗನ ಮನಸ್ಸಿನಲ್ಲಿದ್ದರೆ ಕನಸಿನ ತಂದೆ ಹಸಿವೆಯೆನ್ನುತ್ತಾರೆ. ಹಸಿದಿರುವುದು ಮಗನ ನೆನಪು. ಅದಕ್ಕೆ ಇಷ್ಟಲಿಂಗ ಪೂಜೆಯಿದೆ. ಹಿರಿಯರ ಹೆಸರಿನಲ್ಲಿ ಶಕ್ತ್ಯನುಸಾರ ದಾಸೋಹಕ್ಕೆ ಒಂದು ಸೇರು ಜೋಳ ಕೊಡುವುದಿದೆ. ಏನೂ ಆಗದವರು ದಾಸೋಹದಲ್ಲಿ ಒಂದು ಹೊತ್ತು ನೀಡಲು ನಿಂತರೂ ಸಾಕು. ಯಾವ ಮಠವೇ ಆಗಲಿ, ಇದಕ್ಕಿಂತ ಹೆಚ್ಚಿನದನ್ನು ಭಯ ತೋರಿಸಿ ಕೇಳಿದರೆ ಅದು ಶರಣಮಾರ್ಗದಿಂದ ಜಾರಿದಂತೆಯೇ ಸರಿ.

ಕನಸು ಮನುಷ್ಯನಿಗಷ್ಟೇ ಮೀಸಲಲ್ಲವೆಂಬುದೂ ಈಗ ತಿಳಿದಿದೆ. ಫ್ರಾನ್ಸಿನ ಲಿಯಾನ್ ನಗರದ ಮಿಶೆಲ್ ಜೂವೆ, ಬೆಕ್ಕಿನ ಮಿದುಳಿನಲ್ಲಿ ನಿದ್ರೆಯ ಹೊತ್ತು ದೇಹವನ್ನು ಕಟ್ಟಿಡುವ ಭಾಗವನ್ನು ಹಾಳುಗೆಡವಿದಾಗ, ಮಲಗಿದ ಬೆಕ್ಕು ನಿದ್ರೆಯಲ್ಲಿಯೇ ಎದ್ದು ಕಾಣದ ಬೇಟೆಯ ಮೇಲೆ ಎರಗುವುದನ್ನು ಕಂಡರು. 2001ರಲ್ಲಿ ಅಮೆರಿಕದ ಎಂಐಟಿಯಲ್ಲಿ ಲೂಯಿ ಮತ್ತು ವಿಲ್ಸನ್, ಹಗಲು ಓಡಿದ ಹಾದಿಯನ್ನು ಇಲಿಯ ಮಿದುಳು ನಿದ್ರೆಯಲ್ಲಿ ಮರಳಿ ನಡೆಯುವುದನ್ನು ತೋರಿಸಿದರು. 2012ರಲ್ಲಿ ಕೇಂಬ್ರಿಡ್ಜಿನಲ್ಲಿ ಸೇರಿದ ನರವಿಜ್ಞಾನಿಗಳು ಪ್ರಾಣಿಪಕ್ಷಿಗಳಲ್ಲಿಯೂ ಪ್ರಜ್ಞೆಗೆ ಆಧಾರವಾದ ನರವ್ಯವಸ್ಥೆ ಇದೆಯೆಂದು ಘೋಷಣೆಗೆ ಸಹಿ ಹಾಕಿದರು. ಬೆಕ್ಕಿಗೂ ಕನಸುಂಟೆಂದು ತಿಳಿಯುವುದಕ್ಕೆ ಬೆಕ್ಕಿನ ಮಿದುಳನ್ನೇ ಕೊಯ್ಯಬೇಕಾಯಿತೆಂಬುದು ನೋವಿನ ಸಂಗತಿ.

ಇಲ್ಲೊಂದು ಎಚ್ಚರಿಕೆ ಬೇಕು. ವಿಜ್ಞಾನ ಇಂದು ಹೇಳಿದ್ದನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಹೇಳಿದ್ದರೆಂದು ವೇದಿಕೆಗಳ ಮೇಲೆ ಚಪ್ಪಾಳೆ ಗಿಟ್ಟಿಸುವ ರೂಢಿಯಿದೆ. ಶರಣರು ಮಿದುಳಿನ ನರಗಳನ್ನು ಪರೀಕ್ಷಿಸಲಿಲ್ಲ. ಅವರಿಗೆ ದಯೆ ತೋರಲು ಆ ಪುರಾವೆಯ ಅವಶ್ಯಕತೆಯೂ ಬೀಳಲಿಲ್ಲ. ಸಕಲ ಜೀವಿಗಳ ಮೇಲಿನ ದಯೆಯನ್ನು ಬಸವಣ್ಣನವರು ಧರ್ಮದ ಬುಡದಲ್ಲಿಯೇ ಇಟ್ಟರು. ಪಿಂಡ ಮುಟ್ಟುವ ಕಾಗೆಯಲ್ಲಿ ಜನರು ಪಿತೃಗಳನ್ನು ಕಾಣುತ್ತಿದ್ದ ನಾಡಿನಲ್ಲಿ, ಅವರು ಕಾಗೆಯನ್ನು ಕಾಗೆಯಾಗಿಯೇ ನೋಡಿದರು. ಕಾಳು ಕಂಡೊಡನೆ ತನ್ನ ಬಳಗವನ್ನು ಕರೆಯುವ ಅದರ ಗುಣ ಭಕ್ತನಲ್ಲಿಲ್ಲವಲ್ಲಾ ಎಂದು ಮರುಗಿದರು. ಬಲಿಗೆಂದು ತಂದ ಕುರಿಯು ತನ್ನ ಸಾವನ್ನರಿಯದೆ ಹಬ್ಬದ ಹಸಿರನ್ನು ಮೇಯುವುದನ್ನು ಕಂಡು ಅವರಾಡಿದ ಮಾತನ್ನು ಓದಿಯೂ ಕದಲದವರು ವಿರಳ.

ಆದರೂ ಊರದೇವತೆಯ ಜಾತ್ರೆ ಬಂದಾಗ, ಕೊರಳಲ್ಲಿ ಲಿಂಗವಿರುವ ಕೆಲವು ಮನೆಗಳವರು ಹರಕೆಯ ಕುರಿಯ ಹಣವನ್ನು ಮತ್ತೊಬ್ಬರ ಕೈಯಲ್ಲಿ ಕೊಟ್ಟು, ತಾವು ಮುಟ್ಟಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ರಾಜ್ಯದಲ್ಲಿ ಪ್ರಾಣಿಬಲಿ ನಿಷೇಧದ ಕಾಯ್ದೆ 1959ರಷ್ಟು ಹಳೆಯದು. ಕಾನೂನಿನ ಮಾತು ಹಾಗಿರಲಿ, ದೀಕ್ಷೆ ಪಡೆದವರು ಅನ್ಯರ ಕೈಯಿಂದ ಕೊಲ್ಲಿಸಿದ್ದು ಸದಾಚಾರದಲ್ಲಿ ಎಲ್ಲಿ ಸೇರುತ್ತದೆಂಬುದನ್ನು ಮಠಗಳು ಜಾತ್ರೆಗೆ ಮುನ್ನವೇ ಹೇಳಬೇಕು; ಜಾತ್ರೆ ಮುಗಿದ ಮೇಲಿನ ಪ್ರವಚನದಿಂದ ಕುರಿಗೆ ಪ್ರಯೋಜನವಿಲ್ಲ.

ಎತ್ತಿಗೆ ಕೈಲಾಸವುಂಟೇ ಎಂದೂ ಭಕ್ತರು ಕೇಳುತ್ತಾರೆ. ಬಸವನೆಂಬ ಹೆಸರೇ ವೃಷಭದಿಂದ ಬಂದುದಾದ್ದರಿಂದ ಪ್ರಶ್ನೆ ಸಹಜವಾದುದು. ದುಡಿದು ಸತ್ತ ಎತ್ತಿಗೆ ವಿಭೂತಿ ಹಚ್ಚಿ, ಅದು ಉತ್ತ ಹೊಲದ ಮೂಲೆಯಲ್ಲಿಯೇ ಮಣ್ಣು ಮಾಡುತ್ತಿದ್ದ ಹಿರಿಯರು ಈ ಪ್ರಶ್ನೆಗೆ ಉತ್ತರಕ್ಕಾಗಿ ಕಾಯಲಿಲ್ಲ. ಭತ್ತದ ಗದ್ದೆಗಳಿಗೆ ಟ್ರ್ಯಾಕ್ಟರ್ ಇಳಿದ ಮೇಲೆ ಎತ್ತಿನ ಜೋಡಿಗಳು ಕಡಿಮೆಯಾಗಿವೆ, ಮುದಿ ಎತ್ತುಗಳು ಸಂತೆಯ ದಾರಿ ಹಿಡಿಯುತ್ತವೆ. ಕೊಟ್ಟಿಗೆ ಬರಿದಾದ ಮನೆಗಳಲ್ಲಿಯೂ ಮಣ್ಣೆತ್ತಿನ ಅಮಾವಾಸ್ಯೆಯಂದು ಮಕ್ಕಳು ಮಾಡಿದ ಮಣ್ಣಿನ ಜೋಡೆತ್ತುಗಳಿಗೆ ಪೂಜೆ ಸಲ್ಲುತ್ತಲೇ ಇದೆ.