ಕಾರಿನ ಬಾಗಿಲಿನ ರಬ್ಬರಿಗೆ ತೇಪೆ

ಛತ್ರಿ ಹರಿದರೆ ಹೊಲಿಸುತ್ತೇವೆ, ಚಪ್ಪಲಿ ಕಿತ್ತರೆ ಅಂಟಿಸುತ್ತೇವೆ. ಕಾರಿನ ಬಾಗಿಲಿನ ರಬ್ಬರು ಪಟ್ಟಿ ಹರಿದರೆ ಮಾತ್ರ ‘ಮುಂದಿನ ತಿಂಗಳ ಸಂಬಳ ಬರಲಿ’ ಎಂದು ಸುಮ್ಮನಾಗುತ್ತೇವೆ. ಮೆಕ್ಯಾನಿಕರು ‘ಬೀಡಿಂಗ್’ ಎಂದು ಕರೆಯುವ ಈ ಪಟ್ಟಿ ನೋಡಲು ಅಲ್ಪ ವಸ್ತು. ಆದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ ಹೊಡೆಯುವ ನಮ್ಮ ಠಾಕುರ್ಲಿ, ಡೊಂಬಿವಲಿ, ಕಲ್ಯಾಣಗಳಲ್ಲಿ ಒಂದು ಅಂಗುಲದ ಸೀಳು ಸಾಕು. ಕಾಲಡಿಯ ಹಾಸು ನೆನೆಯುತ್ತದೆ, ಅದರ ಕೆಳಗಿನ ತಗಡಿಗೆ ತುಕ್ಕು ಹತ್ತುತ್ತದೆ, ಬೂಷ್ಟಿನ ವಾಸನೆ ಏಳುತ್ತದೆ, ನೆಲದಡಿ ಹಾದ ವೈರುಗಳೂ ಕೆಡಬಹುದು. ರಜೆಯಲ್ಲಿ ಮಕ್ಕಳುಮರಿಗಳೊಡನೆ ಧಾರವಾಡಕ್ಕೋ ಉಡುಪಿಗೋ ಹೊರಡಬೇಕಾದ ಗಾಡಿ ಅದು. ಪಟ್ಟಿಯ ಮೇಲೆ ಮಾಡದ ಖರ್ಚನ್ನು ತಗಡಿನ ಮೇಲೆ ಮಾಡಬೇಕಾದೀತು.

ಕಾರಿನ ಕಸುಬು ಈ ಸೀಮೆಗೆ ಹೊಸದಲ್ಲ. ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಆರಂಭಿಸಿದವರು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದವರೂ ಅವರೇ. ಆ ಕಂಪನಿಯ ಪದ್ಮಿನಿ 2023ರ ಅಕ್ಟೋಬರಿನವರೆಗೆ ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ಓಡಿತು. ಕಲ್ಯಾಣದ ಕಾರ್ಖಾನೆಯಲ್ಲಿ 1990ರ ದಶಕದಲ್ಲಿ ಪೆಜೋ 309 ತಯಾರಾಯಿತು. ಇಂಥ ಹಳೆಯ ಗಾಡಿಗಳನ್ನು ಸಾಕುವವರಿಗೆ ಹೊಸ ಬೀಡಿಂಗ್ ಸುಲಭವಾಗಿ ದೊರೆಯದು, ತೇಪೆಯೇ ಗತಿ. ಉಳಿದವರಿಗೆ ಅದು ಉಳಿತಾಯ.

ಮೊದಲು ರಬ್ಬರಿನ ಗುಣ ತಿಳಿಯಬೇಕು. ಈಗಿನ ಬೀಡಿಂಗ್ ಬಹುಮಟ್ಟಿಗೆ ಇಪಿಡಿಎಂ ಎಂಬ ಕೃತಕ ರಬ್ಬರಿನದು. ಬಿಸಿಲು ಮಳೆಗಳನ್ನು ತಾಳುತ್ತದೆ, ಆದರೆ ಎಣ್ಣೆಯನ್ನು ತಾಳದು. ಪೆಟ್ರೋಲು, ಸೀಮೆಎಣ್ಣೆ ಹಾಕಿ ಒರೆಸಿದರೆ ಉಬ್ಬುತ್ತದೆ. ಅದರ ಮೈಗೆ ಅಂಟು ಹಿಡಿಯುವುದೂ ಕಷ್ಟ. ಮರಕ್ಕೆ ಬಳಿಯುವ ಬಿಳಿಯ ಫೆವಿಕಾಲ್ ಇಲ್ಲಿ ಕೆಲಸಕ್ಕೆ ಬಾರದು. ಅದು ಹೀರುವ ವಸ್ತುವಿಗೆ ತಕ್ಕ ಅಂಟು.

ಹಾಗಾದರೆ ಯಾವುದು? ಗಾಯ ನೋಡಿ ಮದ್ದು. ಪಟ್ಟಿ ಅಡ್ಡಲಾಗಿ ನೇರವಾಗಿ ತುಂಡಾಗಿದ್ದರೆ ಫೆವಿಕ್ವಿಕ್‌ನಂಥ ಕ್ಷಣದ ಅಂಟು ಸಾಕು. ಒಂದೇ ಹನಿ ಹಾಕಿ, ಎರಡು ತುದಿಗಳನ್ನೂ ಕೂಡಿಸಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಹೆಚ್ಚು ಹಾಕಿದರೆ ಗಾಜಿನಂತೆ ಗಟ್ಟಿಯಾಗಿ, ಬಾಗಿಲು ಮುಚ್ಚುವ ಪೆಟ್ಟಿಗೆ ಬಿರಿಯುತ್ತದೆ. ಉದ್ದಕ್ಕೆ ಸೀಳಿದ್ದರೆ ಅಥವಾ ಪಟ್ಟಿ ತಗಡಿನಿಂದ ಕಿತ್ತು ಬಂದಿದ್ದರೆ, ಚಪ್ಪಲಿಗೆ ಹಾಕುವ ಹಳದಿ ರಬ್ಬರು ಅಂಟು ಮೇಲು. ಒಣಗಿದ ಮೇಲೂ ಬಾಗುತ್ತದೆ.

ಕ್ರಮ ಹೀಗೆ. ಪಟ್ಟಿಯನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಿ. ಹೊಳಪಿನ ಪಾಲಿಶ್ ಬಳಿದಿದ್ದರೆ ಸ್ಪಿರಿಟ್ಟಿನಿಂದ ಒರೆಸಿ; ಸಿಲಿಕೋನಿನ ಜಿಡ್ಡು ಇದ್ದಲ್ಲಿ ಯಾವ ಅಂಟೂ ನಿಲ್ಲದು. ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ. ರಬ್ಬರು ಅಂಟನ್ನು ಎರಡೂ ಮೈಗೆ ತೆಳ್ಳಗೆ ಬಳಿದು ಹತ್ತು ಹದಿನೈದು ನಿಮಿಷ ಬಿಡಿ. ಬೆರಳಿಗೆ ಹತ್ತದಂತಾದ ಮೇಲೆ ಕೂಡಿಸಿ ಬಲವಾಗಿ ಒತ್ತಿ. ಹಸಿಯಾಗಿದ್ದಾಗಲೇ ಕೂಡಿಸಿದರೆ ಜಾರುತ್ತದೆ. ಕಾಗದದ ಟೇಪು ಸುತ್ತಿ ಒಂದು ದಿನ ಬಾಗಿಲನ್ನು ಅದುಮಿ ಮುಚ್ಚದೆ ಬಿಡುವುದು ಒಳ್ಳೆಯದು. ಕೆಲಸಕ್ಕೆ ಮೇ ತಿಂಗಳ ಒಣ ದಿನವೇ ಪ್ರಶಸ್ತ. ತೇವದ ಗಾಳಿಯಲ್ಲಿ ಬಳಿದ ರಬ್ಬರು ಅಂಟಿನ ಮೇಲೆ ನೀರಿನ ಪಸೆ ಕುಳಿತು ಹಿಡಿತ ಕೆಡುತ್ತದೆ.

ಇದರ ಆವಿ ಬೇಗ ಬೆಂಕಿ ಹಿಡಿಯುತ್ತದೆ, ತಲೆಯನ್ನೂ ಸುತ್ತಿಸುತ್ತದೆ. ಬಯಲಿನಲ್ಲಿ ಮಾಡಿ, ಬೀಡಿ ಸಿಗರೇಟು ಹತ್ತಿರ ಬೇಡ, ಮಕ್ಕಳನ್ನು ದೂರವಿಡಿ. ಕ್ಷಣದ ಅಂಟು ಕಣ್ಣಿಗೆ ಬಿದ್ದರೆ ರೆಪ್ಪೆ ಕೀಳಲು ಹೋಗದೆ ನೀರು ಹಾಕುತ್ತಾ ವೈದ್ಯರಲ್ಲಿಗೆ ಓಡಬೇಕು.

ಇನ್ನು ಪರೀಕ್ಷೆ. ಕಾಗದದ ಪಟ್ಟಿಯೊಂದನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದಲ್ಲಿ ರಬ್ಬರು ಕೂತಿಲ್ಲ. ಆಮೇಲೆ ಮನೆಯವರೊಬ್ಬರು ಒಳಗೆ ಕುಳಿತಿರಲಿ, ಹೊರಗಿನವರು ತಂಬಿಗೆಯಿಂದ ಕೆಳಗಿನಿಂದ ಮೇಲಕ್ಕೆ ಬರುತ್ತಾ ನೀರು ಸುರಿಯಲಿ. ‘ರೀ, ಇಲ್ಲೇ ಬಂತು ನೋಡಿ’ ಎಂದು ಒಳಗಿನಿಂದ ಕೂಗು ಬಂದ ಎತ್ತರದಲ್ಲೇ ದೋಷ. ಬಾಗಿಲ ತಳದ ಸಣ್ಣ ತೂತುಗಳನ್ನು ಮಾತ್ರ ಅಂಟಿನಿಂದ ಮುಚ್ಚಬೇಡಿ; ಗಾಜಿನ ಬದಿಯಿಂದ ಇಳಿದ ನೀರು ಹೊರಹೋಗುವ ದಾರಿ ಅದು. ಕಡ್ಡಿಯಿಂದ ಅಲ್ಲಿನ ಕೆಸರು ತೆಗೆಯಿರಿ.

ತೇಪೆಗೂ ಮಿತಿಯುಂಟು. ಪಟ್ಟಿ ಕಲ್ಲಿನಂತೆ ಗಟ್ಟಿಯಾಗಿದ್ದರೆ, ಟೊಳ್ಳು ಚಪ್ಪಟೆಯಾಗಿ ಮೇಲೇಳದಿದ್ದರೆ, ಒಳಗಿನ ತಗಡಿನ ಪಟ್ಟಿ ತುಕ್ಕು ಹಿಡಿದಿದ್ದರೆ ಅಂಟಿನ ಗೊಡವೆ ಬೇಡ, ಹೊಸದನ್ನೇ ಹಾಕಿಸಿ. 2005ರ ಜುಲೈ 26ರಂಥ ದಿನ, ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದಂಥ ಮಳೆಗೆ ರಸ್ತೆಯಲ್ಲಿ ನೀರು ನಿಂತರೆ, ಹೊಸ ಬೀಡಿಂಗೂ ತಡೆಯದು. ಆಗ ಕಾರನ್ನು ಎತ್ತರದ ಜಾಗಕ್ಕೆ ಒಯ್ಯುವುದೇ ಉಪಾಯ. ಮೇಲಿನಿಂದ ಬೀಳುವ ಮಳೆಗಾದರೋ ಒಂದು ಟ್ಯೂಬು ಅಂಟು, ಒಂದು ಭಾನುವಾರದ ಬೆಳಗು ಸಾಕು. ಮೊದಲ ಮಳೆಗೆ ಮುಂಚೆ ನಾಲ್ಕು ಬಾಗಿಲುಗಳನ್ನೂ ಒಮ್ಮೆ ತೆರೆದು ನೋಡಿ.